ಹೆಸರಿಲ್ಲದ ಮಾತ್ರೆ

ಕುಣಿಗಲ್ಲಿನ ಮಗಳ ಮನೆಯಲ್ಲಿ ವಾರ ಇದ್ದು ಬರುತ್ತೇನೆಂದು ಹೋಗಿದ್ದ ಸಿದ್ದಲಕ್ಷ್ಮಮ್ಮ ಎರಡೇ ದಿನಕ್ಕೆ ಹೊರಟು ಬಂದುಬಿಟ್ಟರು. ಅಲ್ಲಿಯ ನೀರು ಅವರಿಗೆ ಒಗ್ಗಲಿಲ್ಲ. ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ತುಮಕೂರಿನ ಸದಾಶಿವನಗರದ ತಮ್ಮ ಮನೆಯ ಗೇಟು ತೆಗೆದು ಒಳಗೆ ಕಾಲಿಡುವಾಗ ನಡುಮನೆಯಿಂದ ಗಂಡನ ದನಿ ಕೇಳಿತು.

"ಪ್ರಶ್ನೆ ಆರು. ಕಪ್ಪೆ ಎಲ್ಲೆಲ್ಲಿ ವಾಸಿಸುತ್ತದೆ? ಉತ್ತರ ಏನ್ ಬರ್ದವ್ನೆ ಅಂದ್ರೆ, ಕಪ್ಪೆ ಕೆರೆಯಲ್ಲಿ ವಾಸಿಸುತ್ತದೆ, ನಮ್ಮ ಬಚ್ಚಲಲ್ಲೂ ವಾಸಿಸುತ್ತದೆ."

"ಸರಿಯಾಗೇ ಇದೆ ಮಾವ. ಎರಡು ಮಾರ್ಕು ಹಾಕಿ," ಎಂದಳು ಸೊಸೆ ಶಾಂತಲಾ.

ಸಿದ್ದಲಕ್ಷ್ಮಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದರು. ಕಿಟಕಿಗಳೆಲ್ಲ ಮುಚ್ಚಿದ್ದವು. ಗಂಡ ಗಂಗಹನುಮಯ್ಯ ಕುರ್ಚಿಯಲ್ಲಿ ಕೂತು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ತೊಡೆಯ ಮೇಲೆ ಉತ್ತರಪತ್ರಿಕೆಗಳ ಕಟ್ಟು ಇಟ್ಟುಕೊಂಡಿದ್ದರು. ಕೈಯಲ್ಲಿ ಕೆಂಪು ಪೆನ್ನು. ಶಾಂತಲಾ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಕಣ್ಣಿನ ಮೇಲೆ ಒದ್ದೆ ಬಟ್ಟೆ.

"ಇದೇನ್ ನಡೀತಿದೆ ಇಲ್ಲಿ?"

ಇಬ್ಬರೂ ಬೆಚ್ಚಿದರು. ಶಾಂತಲಾ ಬಟ್ಟೆ ತೆಗೆದು ಎದ್ದು ನಿಂತಳು. ಎಡಗಣ್ಣು ದಾಳಿಂಬೆ ಕಾಳಿನ ಹಾಗೆ ಕೆಂಪಾಗಿತ್ತು.

"ಏನಿಲ್ಲ ಕಣೇ," ಎಂದರು ಗಂಗಹನುಮಯ್ಯ. "ಮಕ್ಕಳ ಅಕ್ಷರ, ಕಾಗೆ ಕಾಲು ಗುಬ್ಬಿ ಕಾಲು. ಮೂವತ್ತು ವರ್ಷ ಪೋಸ್ಟ್‌ಮ್ಯಾನ್ ಆಗಿ ಎಂಥೆಂಥಾ ವಿಳಾಸ ಓದಿ ಮನೆ ಹುಡುಕ್ದೋನು ನಾನು. ಒಸಿ ಓದಿ ಹೇಳ್ತಿದ್ದೆ, ಅಷ್ಟೇ."

"ಎಷ್ಟು ದಿವಸದಿಂದ?"

ಮಾವ ಸೊಸೆಯ ಮುಖ ನೋಡಿದರು. ಶಾಂತಲಾಳೇ ಹೇಳಿದಳು. "ಅರ್ಧವಾರ್ಷಿಕ ಪರೀಕ್ಷೆಯಿಂದ, ಅತ್ತೆ."

ಅಂದರೆ ಐದು ತಿಂಗಳು. ಐದು ತಿಂಗಳಿಂದ ಈ ಮನೆಯಲ್ಲಿ ತಮಗೆ ಗೊತ್ತಿಲ್ಲದ ಹಾಗೆ ಇದು ನಡೆದಿದೆ. ಸೊಸೆಗೆ ಅಕ್ಷರ ಕಾಣುತ್ತಿಲ್ಲ ಎಂಬುದಕ್ಕಿಂತ, ಅದನ್ನು ತಮ್ಮಿಂದ ಮುಚ್ಚಿಟ್ಟರಲ್ಲ ಎಂಬುದು ಸಿದ್ದಲಕ್ಷ್ಮಮ್ಮನಿಗೆ ಮೊದಲು ಚುಚ್ಚಿತು. ಬ್ಯಾಗಿನಲ್ಲಿದ್ದ ತೆಂಗಿನಕಾಯಿಗಳನ್ನು ಒಂದೊಂದಾಗಿ ತೆಗೆದು ಅಡುಗೆಮನೆಯ ಮೂಲೆಗೆ ದಡದಡನೆ ಹಾಕಿದರು. ಅಂದು ಸಂಜೆ ಕಾಫಿಗೆ ಸಕ್ಕರೆ ಬೀಳಲಿಲ್ಲ. ಎಲ್ಲರೂ ಹಾಗೇ ಕುಡಿದರು.

ಕಣ್ಣಿನ ಕಾಯಿಲೆ ಹೊಸದೇನಲ್ಲ. ಶಾಂತಲಾ ಗುಬ್ಬಿಯ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಟೀಚರು. ಮಗ ಲಕ್ಷ್ಮೀಕಾಂತ್ ಕುಣಿಗಲ್ಲಿನ ಕರೆಂಟ್ ಆಫೀಸಿನಲ್ಲಿ ಗುಮಾಸ್ತ. ಮದುವೆಯಾಗಿ ಮೂರು ವರ್ಷ. ಮದುವೆಯಾದ ವರ್ಷದೊಪ್ಪತ್ತಿನಲ್ಲೇ ಅವಳ ಕಣ್ಣು ಕೆಂಪಾಗಿತ್ತು. ಧೂಳು ಬಿದ್ದಿರಬೇಕೆಂದು ಸಿದ್ದಲಕ್ಷ್ಮಮ್ಮ ನಂದಿಬಟ್ಟಲು ಹೂವಿನ ರಸ ಬಿಟ್ಟರು. ಬೀದಿ ಕೊನೆಯ ಡಾಕ್ಟರು ಡ್ರಾಪ್ಸ್ ಕೊಟ್ಟರು. ಯಡಿಯೂರಿಗೆ ಹೋಗಿ ಹರಕೆಯನ್ನೂ ಕಟ್ಟಿದರು. ಕೆಂಪು ಹೋಗಲಿಲ್ಲ. ಕಣ್ಣ ಮುಂದೆ ಕಪ್ಪು ಚುಕ್ಕೆಗಳು ಓಡಾಡತೊಡಗಿದವು, ಬಿಸಿಲಿಗೆ ಹೋದರೆ ಕಣ್ಣೀರು. ಕೊನೆಗೆ ಬೆಂಗಳೂರಿನ ದೊಡ್ಡ ಕಣ್ಣಾಸ್ಪತ್ರೆಯಲ್ಲಿ ಯುವಿಯೈಟಿಸ್ ಎಂದರು, ಕಣ್ಣಿನ ಒಳಗಿನ ಉರಿಯೂತ. ಸ್ಟಿರಾಯ್ಡ್ ಮಾತ್ರೆ ಕೊಟ್ಟರು. ಮಾತ್ರೆ ಜಾಸ್ತಿ ಇದ್ದಾಗ ಕಣ್ಣು ತಿಳಿಯಾಗುತ್ತಿತ್ತು. ಕಡಿಮೆ ಮಾಡಿದರೆ ಹದಿನೈದು ದಿನಕ್ಕೆ ಮತ್ತೆ ಕೆಂಪು.

ಮಾತ್ರೆಯ ದೆಸೆಯಿಂದ ಶಾಂತಲಾಳ ಮುಖ ಗುಂಡಗಾಯಿತು, ಹೊಟ್ಟೆ ಉಬ್ಬಿತು. ಪಕ್ಕದ ಮನೆಯ ಚೆನ್ನಮ್ಮ ಒಂದು ದಿನ ಕಾಂಪೌಂಡಿನ ಆಚೆಯಿಂದ, "ಸೊಸೆ ಮೈ ತುಂಬ್ಕೊಂಡಿದಾಳೆ, ವಿಶೇಷಾನೇನ್ರೀ?" ಎಂದು ಕೇಳಿದ್ದರು. ಅವತ್ತು ಸಿದ್ದಲಕ್ಷ್ಮಮ್ಮ ನೇರ ಒಳಗೆ ಬಂದು, ಮಿಕ್ಸಿ ಇದ್ದರೂ ಒರಳುಕಲ್ಲಿನಲ್ಲಿ ಚಟ್ನಿ ರುಬ್ಬಿದ್ದರು.

*

ಮುಂದಿನ ಮಂಗಳವಾರ ಮಗ ಸೊಸೆ ಇಬ್ಬರೂ ರಜೆ ಹಾಕಿ ಆಸ್ಪತ್ರೆಗೆ ಹೋದರು. ಸಂಜೆ ಬರುವಾಗ ಲಕ್ಷ್ಮೀಕಾಂತನ ಕೈಯಲ್ಲಿ ದಪ್ಪನೆಯ ಪುಸ್ತಕದಂಥ ಕಾಗದದ ಕಟ್ಟು ಇತ್ತು. ಮುದ್ದೆ, ಬಸ್ಸಾರು ಬಡಿಸುವಾಗ ವಿಷಯ ಹೊರಗೆ ಬಂತು.

"ಹೊಸ ಮಾತ್ರೆ ಒಂದು ಬಂದೈತಂತಮ್ಮ," ಎಂದ ಲಕ್ಷ್ಮೀಕಾಂತ್. "ಇನ್ನೂ ಅಂಗಡಿಗೆ ಬಂದಿಲ್ಲ. ಕೆಲಸ ಮಾಡುತ್ತೋ ಇಲ್ವೋ ಅಂತ ಪರೀಕ್ಷೆ ಮಾಡ್ತಾವ್ರೆ. ಶಾಂತಲಾ ಒಪ್ಪಿದ್ರೆ ಸೇರಿಸ್ಕೊಂತಾರಂತೆ."

"ಏನ್ ಮಾಡುತ್ತಂತೆ ಆ ಮಾತ್ರೆ?"

ಶಾಂತಲಾ ಮುದ್ದೆ ಮುರಿಯುತ್ತ ಹೇಳಿದಳು. "ಕಾಯಿಲೆ ಬರದ ಹಾಗೆ ಕಾಯೋ ಶಕ್ತಿ ಮೈಯಲ್ಲಿರುತ್ತಲ್ಲ ಅತ್ತೆ, ಅದು ನನ್ನ ಕಣ್ಣನ್ನೇ ಕಾಯಿಲೆ ಅಂದ್ಕೊಂಡು ಹೊಡೀತಿದೆಯಂತೆ. ಸ್ಟಿರಾಯ್ಡ್ ಆದ್ರೆ ಇಡೀ ಮೈಗೇ ಬೀಳುತ್ತೆ. ಈ ಮಾತ್ರೆ ಆ ಶಕ್ತಿಯಲ್ಲಿ ತಪ್ಪು ಮಾಡ್ತಿರೋ ಭಾಗಾನ ಮಾತ್ರ ಸುಮ್ಮನಿರಿಸಬಹುದು ಅಂತ ಡಾಕ್ಟ್ರು ಅಂದ್ರು."

"ಸಾಕಿದ ನಾಯಿ ಮನೆಯೋರ್ನೇ ಕಚ್ಚಿದಂಗೆ ಅನ್ನು. ಏನಂತೆ ಮಾತ್ರೆ ಹೆಸರು?"

"ಹೆಸರು ಇನ್ನೂ ಇಟ್ಟಿಲ್ವಂತೆ. ಬರೀ ನಂಬರು."

"ಹೆಸರೇ ಇಲ್ದಿರೋದನ್ನ ಯಾರಾದ್ರೂ ನುಂಗ್ತಾರಾ?"

ಊಟ ಮುಗಿದ ಮೇಲೆ ಗಂಗಹನುಮಯ್ಯ ಕನ್ನಡಕ ಹಾಕಿಕೊಂಡು ಕಾಗದ ಬಿಡಿಸಿದರು. ಕನ್ನಡದಲ್ಲೇ ಇತ್ತು. ಸರ್ಕಾರಿ ಪತ್ರ ಓದುವ ಗತ್ತಿನಲ್ಲಿ ಅವರು ಜೋರಾಗಿ ಓದತೊಡಗಿದರು. ರಕ್ತದೊತ್ತಡ ಏರಬಹುದು. ಮೂತ್ರಪಿಂಡಕ್ಕೆ ತೊಂದರೆ ಆಗಬಹುದು. ಕೆಲವರಿಗೆ ನಿಜವಾದ ಮಾತ್ರೆ, ಕೆಲವರಿಗೆ ಅದರಂತೆಯೇ ಕಾಣುವ, ಔಷಧಿಯಿಲ್ಲದ ಮಾತ್ರೆ. ಯಾರಿಗೆ ಯಾವುದೆಂದು ರೋಗಿಗೂ ಗೊತ್ತಿರುವುದಿಲ್ಲ, ವೈದ್ಯರಿಗೂ ಗೊತ್ತಿರುವುದಿಲ್ಲ. ಪುಟ ತಿರುಗಿಸಿ ಒಂದು ಸಾಲು ಓದಲು ಬಾಯಿ ತೆರೆದವರು ಅಲ್ಲೇ ನಿಂತರು. ಕೆಮ್ಮಿದರು.

"ಓದಿ ಮಾವ," ಎಂದಳು ಶಾಂತಲಾ. "ಅದನ್ನೂ ಓದ್ಬಿಡಿ."

ಗಂಗಹನುಮಯ್ಯ ದನಿ ಇಳಿಸಿದರು. "ಅಧ್ಯಯನದ ಅವಧಿಯಲ್ಲಿ ಮತ್ತು ಅದಾದ ಮೂರು ತಿಂಗಳವರೆಗೆ ಮಹಿಳೆಯರು ಗರ್ಭ ಧರಿಸತಕ್ಕದ್ದಲ್ಲ."

ತಟ್ಟೆ ಎತ್ತುತ್ತಿದ್ದ ಸಿದ್ದಲಕ್ಷ್ಮಮ್ಮ ಹಾಗೇ ನಿಂತರು. "ಎಷ್ಟು ತಿಂಗಳು ಒಟ್ಟು?"

"ಆರು ತಿಂಗಳು ಮಾತ್ರೆ. ಚೆನ್ನಾಗಿ ಕೆಲಸ ಮಾಡಿದ್ರೆ ಇನ್ನಾರು ತಿಂಗಳು ಮುಂದುವರಿಸಬಹುದು," ಎಂದ ಲಕ್ಷ್ಮೀಕಾಂತ್.

"ಮೂರು ವರ್ಷ ಕಾದಿದ್ದು ಸಾಲ್ದು ಅಂತ ಇನ್ನೊಂದೂಕಾಲು ವರ್ಷ! ಇಲಿ ಮೊಲ ಎಲ್ಲ ಮುಗಿದೋದ್ವಾ ಅವರಿಗೆ? ನಮ್ಮನೆ ಸೊಸೇನೇ ಬೇಕಾ? ಅದ್ರಲ್ಲೂ ಮಾತ್ರೆ ಅಂತ ಸೀಮೆಸುಣ್ಣ ಕೊಟ್ರೂ ಕೊಟ್ರು! ನೀನೇನಂತೀಯೋ ಕಾಂತ?"

"ನಾನೇನ್ ಹೇಳ್ಲಿ ಅಮ್ಮ. ಎಲ್ರೂ ಕೂತು ಯೋಚ್ನೆ ಮಾಡಿ..."

"ಯೋಚ್ನೆ ಮಾಡೋಕೆ ಏನಿದೆ ರೀ?" ಶಾಂತಲಾ ಗಂಡನ ಕಡೆ ತಿರುಗಿದಳು. ಅವಳು ಈ ಮನೆಯಲ್ಲಿ ದನಿ ಏರಿಸಿದ್ದು ಅದೇ ಮೊದಲು. "ಬೋರ್ಡ್ ಮೇಲೆ ನಾನೇ ಬರೆದದ್ದು ನನಗೆ ಕಾಣ್ತಿಲ್ಲ. ಹೆಡ್ ಮೇಷ್ಟ್ರು ಇನ್ನೆಷ್ಟು ದಿನ ಸುಮ್ಮನಿರ್ತಾರೆ? ಕಣ್ಣು ನಂದು. ಹೋಗೋದೂ ನಂದೇ."

"ಹಂಗಾದ್ರೆ ನಮ್ಮನ್ಯಾಕೆ ಕೇಳ್ತೀರ? ಮಾಡ್ಕೊಳ್ಳಿ!" ಸಿದ್ದಲಕ್ಷ್ಮಮ್ಮ ತಟ್ಟೆಗಳನ್ನು ಬಚ್ಚಲಿಗೆ ಹಾಕಿದ ಸದ್ದು ಬೀದಿಗೆ ಕೇಳಿಸಿತು.

ಆಮೇಲಿನ ಹತ್ತು ದಿನ ಅತ್ತೆ ಸೊಸೆಯರ ಮಾತು ಅಕ್ಕಿ ಬೇಳೆಗೆ ಸೀಮಿತವಾಯಿತು. "ಸಾರಿಗೆ ಉಪ್ಪು ಹಾಕಿದೀರಾ?" "ಹಾಕಿದೀನಿ." ಶಾಂತಲಾ ಬೆಳಗ್ಗೆ ಚಪಾತಿ ಲಟ್ಟಿಸಿಟ್ಟು ಗುಬ್ಬಿಗೆ ರೈಲು ಹಿಡಿಯುತ್ತಿದ್ದಳು. ಸಿದ್ದಲಕ್ಷ್ಮಮ್ಮ ಬೇಯಿಸುತ್ತಿದ್ದರು. ಲಟ್ಟಿಸಿದ ಚಪಾತಿಗಳಲ್ಲಿ ಒಂದೊಂದು ದಿನ ಅಂಚು ಹರಿದಿರುತ್ತಿತ್ತು. ಅವರು ಅದನ್ನು ಬೆರಳಲ್ಲಿ ಒತ್ತಿ ಕೂಡಿಸಿ ಕಾವಲಿಗೆ ಹಾಕುತ್ತಿದ್ದರು.

*

ಏಪ್ರಿಲ್ ಮೊದಲ ಭಾನುವಾರ ಶಾಂತಲಾಳ ತಾಯಿ ಪುಟ್ಟತಾಯಮ್ಮ ಹುಲಿಯೂರುದುರ್ಗದಿಂದ ಬಂದರು. ಒಂದು ಹಲಸಿನ ಹಣ್ಣು, ಎರಡು ಸೇರು ಅವರೆಬೇಳೆ ಹೊತ್ತು ತಂದಿದ್ದರು. ಮಗಳೇ ಫೋನ್ ಮಾಡಿ ಕರೆಸಿಕೊಂಡಿದ್ದಾಳೆ, ಈಗ ಬೀಗಿತ್ತಿ ಜಗಳಕ್ಕೇ ನಿಲ್ಲುತ್ತಾಳೆ ಎಂದು ಸಿದ್ದಲಕ್ಷ್ಮಮ್ಮ ಸೆರಗು ಬಿಗಿದು ತಯಾರಾದರು. ಒಂದು ಮಾತಿಗೆ ಎರಡು ಮಾತು ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡರು.

ಆದರೆ ಆದದ್ದೇ ಬೇರೆ. ಊಟಕ್ಕೆ ಕೂತಾಗ ಪುಟ್ಟತಾಯಮ್ಮ ಮಗಳಿಗೇ ಶುರು ಮಾಡಿದರು.

"ಅತ್ತೆ ಮಾತು ಕೇಳ್ಬಾರ್ದೇನ್ಲೇ? ಅವ್ರು ಹೇಳ್ತಿರೋದ್ರಲ್ಲಿ ಏನ್ ತಪ್ಪೈತೆ? ಮೊದ್ಲು ಒಂದು ಮಗು ಮಾಡ್ಕೊ. ಕಣ್ಣು ಆಮ್ಯಾಕೆ ನೋಡ್ಕೊಂಡ್ರಾಯ್ತು."

"ಅವ್ವ, ಆಮೇಲೆ ಅಂದ್ರೆ ಉಳಿಯಲ್ಲ ಅಂತಿದಾರೆ ಡಾಕ್ಟ್ರು. ಎಡಗಣ್ಣು ಆಗಲೇ ಅರ್ಧ ಹೋಗಿದೆ."

"ಹೋದ್ರೆ ಹೋಗ್ಲಿ ಬುಡು! ಮಗು ಅಂತ ಒಂದಿದ್ರೆ ಕೈ ಹಿಡ್ಕೊಂಡು ನಡೆಸ್ತದೆ. ಕಣ್ಣಿದ್ದು ಮಡಿಲು ಬರಿದಾದ್ರೆ ಯಾರ್ ಮೂಸ್ತಾರೆ ನಿನ್ನ?"

ಸಿದ್ದಲಕ್ಷ್ಮಮ್ಮ ಅನ್ನದ ಚಿಬ್ಬಲು ಹಿಡಿದು ನಿಂತಿದ್ದರು. ಶಾಂತಲಾ ತಲೆ ತಗ್ಗಿಸಿ ಎಲೆಯಲ್ಲಿ ಉಪ್ಪಿನಕಾಯಿ ಹುಡುಕುತ್ತಿದ್ದಳು. ಅವಳ ಬೆರಳು ಅದರ ಪಕ್ಕದಲ್ಲೇ ಎರಡು ಸಲ ಹೋಗಿ ಬಂತು. ಬೀಗಿತ್ತಿ ಆಡಿದ್ದು ತಾವು ಆಡಬೇಕೆಂದಿದ್ದ ಮಾತೇ. ಆದರೆ ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಅದು ಸುಟ್ಟ ಹಾಗಾಯಿತು.

"ಏನಂತ ಮಾತಾಡ್ತೀರ ಪುಟ್ತಾಯಮ್ನೋರೇ?" ಎಂದುಬಿಟ್ಟರು.

"ನಾನು ನಿಮ್ ಕಡೇನೇ ಮಾತಾಡ್ತಿದೀನಲ್ಲ ಅಕ್ಕ..."

"ಯಾವ ಕಡೆ? ಹುಟ್ಟೋ ಮಗೂಗೆ ತಾಯಿ ಕೈ ಹಿಡ್ಕೊಂಡು ನಡೆಸೋ ಕೆಲಸಾನ ಈಗಲೇ ಗೊತ್ತು ಮಾಡ್ತೀರಾ? ಹಾಲು ಕುಡಿಸುವಾಗ ಅದರ ಮುಖ ನೋಡೋದು ಬ್ಯಾಡ್ವಾ ಇವ್ಳು? ಹೋದ್ರೆ ಹೋಗ್ಲಿ ಅನ್ನೋಕೆ ಅದೇನು ಹಳೇ ಚಪ್ಪಲೀನಾ?"

ಗಂಗಹನುಮಯ್ಯ ಮಜ್ಜಿಗೆಯ ಲೋಟ ಎತ್ತಿದವರು ಕುಡಿಯುವುದನ್ನೇ ಮರೆತರು. ಸಿದ್ದಲಕ್ಷ್ಮಮ್ಮ ಬಗ್ಗಿ, ಉಪ್ಪಿನಕಾಯಿಯ ಹೋಳನ್ನು ಸೊಸೆಯ ಅನ್ನದ ಹತ್ತಿರಕ್ಕೆ ತಳ್ಳಿದರು. "ಇಲ್ಲೈತೆ ನೋಡು. ಉಣ್ಣು. ಡಾಕ್ಟ್ರ ಹತ್ರ ಯಾವತ್ತು ಹೋಗ್ಬೇಕು?"

"ಗುರುವಾರ," ಎಂದಳು ಶಾಂತಲಾ ತಲೆ ಎತ್ತದೆ.

"ಕಾಂತಂಗೆ ಆಫೀಸಲ್ಲಿ ಬಿಲ್ ಗಲಾಟೆ. ನಾನೇ ಬರ್ತೀನಿ. ಆ ಡಾಕ್ಟ್ರನ್ನ ನಾಲ್ಕು ಮಾತು ಕೇಳ್ಬೇಕು."

*

ಡಾಕ್ಟರು ಗಂಡಸಿರಬೇಕೆಂದುಕೊಂಡಿದ್ದರು ಸಿದ್ದಲಕ್ಷ್ಮಮ್ಮ. ಒಳಗಿದ್ದವಳು ಮಗಳ ವಯಸ್ಸಿನ ಹೆಂಗಸು, ಕೂದಲು ಗಂಟು ಕಟ್ಟಿ ಬಿಳಿ ಕೋಟು ತೊಟ್ಟಿದ್ದಳು. ನಾಲ್ಕು ಮಾತಿನ ಬದಲು ಹತ್ತು ಕೇಳಿದರು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಕೇಳಿಸಿಕೊಂಡಳು.

"ಇದ್ರಿಂದ ಇವಳ ಕಣ್ಣು ವಾಸಿ ಆಗುತ್ತಾ? ಅದನ್ನ ಹೇಳು ತಾಯಿ, ಸಾಕು."

"ಗೊತ್ತಿಲ್ಲ ಅಮ್ಮ. ಗೊತ್ತಿದ್ದಿದ್ರೆ ಪರೀಕ್ಷೆ ಯಾಕೆ ಮಾಡ್ತಿದ್ವಿ?"

"ಖಾಲಿ ಮಾತ್ರೆ ಇವ್ಳಿಗೆ ಬಿದ್ರೆ?"

"ಬೀಳಬಹುದು. ಆದ್ರೆ ಕಣ್ಣು ಕೆರಳಿದ ದಿನವೇ ಹಳೇ ಔಷಧಿ ಜಾಸ್ತಿ ಮಾಡ್ತೀವಿ, ಕಾಯೋದಿಲ್ಲ. ಯಾವತ್ತು ಬೇಡ ಅನ್ಸುತ್ತೋ ಅವತ್ತು ಇವರು ಬಿಟ್ಟು ಹೋಗ್ಬಹುದು. ಚಿಕಿತ್ಸೆ ನಿಲ್ಲಲ್ಲ."

"ಮಗೂದು?"

"ಮಗು ಬೇಡ ಅಂತ ನಾನು ಹೇಳ್ತಿಲ್ಲ. ಈ ಮಾತ್ರೆ ತಗೊಳ್ವಾಗ ಬಸುರಾದ್ರೆ ಮಗೂಗೆ ಏನಾಗುತ್ತೆ ಅಂತ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದರೊಳಗೆ ಮಗೂನ ಎಳೆಯೋಕಾಗಲ್ಲ. ಕಣ್ಣು ಶಾಂತವಾಗ್ಲಿ, ಆಮೇಲೆ ನಾನೇ ಹೇಳ್ತೀನಿ."

ಎಲ್ಲದಕ್ಕೂ 'ಆಗುತ್ತೆ, ಆಗುತ್ತೆ' ಎನ್ನುವ ಡಾಕ್ಟರುಗಳನ್ನೂ ಶಾಸ್ತ್ರ ಹೇಳುವವರನ್ನೂ ಎರಡು ವರ್ಷದಿಂದ ನೋಡಿದ್ದ ಸಿದ್ದಲಕ್ಷ್ಮಮ್ಮನಿಗೆ, ಬಾಯಿಬಿಟ್ಟು 'ಗೊತ್ತಿಲ್ಲ' ಎಂದವಳ ಮೇಲೆ ಹೇಗೋ ನಂಬಿಕೆ ಬಂತು. ಶಾಂತಲಾ ಕಾಗದಕ್ಕೆ ಸಹಿ ಹಾಕಿದಳು. ಸಿದ್ದಲಕ್ಷ್ಮಮ್ಮ, "ಗಂಡನ ಸೈನು ಬ್ಯಾಡ್ವಾ?" ಎಂದರು.

"ಬೇಡ. ಇವರದ್ದು ಒಂದೇ ಸಾಕು."

"ಹೌದಾ?" ಎಂದು ಸಿದ್ದಲಕ್ಷ್ಮಮ್ಮ ಆ ಸಹಿಯನ್ನು ಇನ್ನೊಮ್ಮೆ ನೋಡಿದರು.

ಮಾತ್ರೆ ಬೆಳಗ್ಗೆ ಏಳಕ್ಕೆ, ಸಂಜೆ ಏಳಕ್ಕೆ. ತಗೊಂಡ ಹೊತ್ತನ್ನು ಒಂದು ಕಾರ್ಡಿನಲ್ಲಿ ಬರೆಯಬೇಕು. ಆ ಕಾರ್ಡಿನ ಯಜಮಾನಿಕೆಯನ್ನು ಗಂಗಹನುಮಯ್ಯ ಕಸಿದುಕೊಂಡರು. ರಿಜಿಸ್ಟರ್ ಪತ್ರಕ್ಕೆ ಸಹಿ ಹಾಕಿಸುವಂತೆ ದಿನಕ್ಕೆರಡು ಸಲ ಸೊಸೆಯ ಮುಂದೆ ಕಾರ್ಡು ಹಿಡಿದು ನಿಲ್ಲುತ್ತಿದ್ದರು. ಚಕ್ಕೋತದ ಜಾತಿಯ ಹಣ್ಣು ತಿನ್ನಬಾರದು, ತಿಂದರೆ ಮಾತ್ರೆ ರಕ್ತದಲ್ಲಿ ಏರುತ್ತದೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಚೆನ್ನಮ್ಮ ಊರಿಂದ ತಂದ ಚಕ್ಕೋತ ಕೊಟ್ಟಾಗ ಸಿದ್ದಲಕ್ಷ್ಮಮ್ಮ ಅದನ್ನು ಮನೆಯೊಳಗೂ ತರಲಿಲ್ಲ, ಗೇಟಿನಿಂದಲೇ ಹಾಲಿನವನಿಗೆ ಕೊಟ್ಟುಬಿಟ್ಟರು.

"ಯಾಕ್ರೀ, ಬಯಕೆಗೆ ಅಂತ ಕೊಟ್ಟಿದ್ದೆ," ಎಂದರು ಚೆನ್ನಮ್ಮ.

"ಬಯಕೆ ಅಲ್ಲ ಚೆನ್ನಮ್ನೋರೇ. ಅವ್ಳಿಗೆ ಕಣ್ಣಿನ ಕಾಯಿಲೆ. ಮೈ ಊದಿರೋದು ಮಾತ್ರೆಯಿಂದ," ಎಂದು ಸಿದ್ದಲಕ್ಷ್ಮಮ್ಮ ಬೀದಿಗೆಲ್ಲ ಕೇಳುವಂತೆ ಹೇಳಿದರು. ಒಳಗಿದ್ದ ಶಾಂತಲಾಳಿಗೂ ಕೇಳಿಸಿತು.

ಮೇ ಕಳೆಯಿತು. ಸ್ಟಿರಾಯ್ಡನ್ನು ಮೆಲ್ಲಗೆ ಇಳಿಸುತ್ತ ಬಂದರು. ಪ್ರತಿ ಸಲ ಇಳಿಸಿದಾಗಲೂ ಮನೆಯವರೆಲ್ಲ ಹದಿನೈದು ದಿನ ಎಣಿಸುತ್ತಿದ್ದರು. ಬೆಳಗ್ಗೆ ಎದ್ದ ಕೂಡಲೇ ಸಿದ್ದಲಕ್ಷ್ಮಮ್ಮ ಸೊಸೆಯ ಗದ್ದ ಹಿಡಿದು ಬಾಗಿಲ ಬೆಳಕಿಗೆ ತಿರುಗಿಸುತ್ತಿದ್ದರು. "ಕೆಳಗೆ ನೋಡು. ಮೇಲೆ ನೋಡು. ಹೂಂ, ಬೆಳ್ಳಗೈತೆ. ಹೋಗು, ಹಾಲಿಡು."

*

ಜುಲೈ ಮೊದಲ ವಾರ ಶಾಂತಲಾ ಮಾತು ಕಡಿಮೆ ಮಾಡಿದಳು. ಕಾರಣ ಸಿದ್ದಲಕ್ಷ್ಮಮ್ಮನಿಗೆ ಹೇಳದೆಯೇ ಗೊತ್ತಾಯಿತು. ಒಂದೇ ಮನೆಯ ಹೆಂಗಸರಿಗೆ ತಿಂಗಳ ಲೆಕ್ಕ ಮುಚ್ಚಿಡುವುದು ಕಷ್ಟ. ಒಂಬತ್ತು ದಿನ ಮೇಲಾಗಿತ್ತು.

ಬುಧವಾರ ಬೆಳಗ್ಗೆ ಬಚ್ಚಲ ಹತ್ತಿರ ಮಗ ಸೊಸೆ ಪಿಸುದನಿಯಲ್ಲಿ ಜಗಳವಾಡುತ್ತಿದ್ದದ್ದು ಕೇಳಿತು.

"ನಾಳೆ ಆಸ್ಪತ್ರೇಲಿ ಟೆಸ್ಟ್ ಮಾಡ್ತಾರಲ್ಲ. ಏನಂತ ಹೇಳ್ತೀಯ?"

"ನಾನೊಬ್ಬಳೇ ಏನ್ರೀ ಹೇಳ್ಬೇಕಾಗಿರೋದು? ಎಚ್ಚರ ಇಬ್ಬರಿಗೂ ಇರಬೇಕಿತ್ತು."

"ಮೆತ್ತಗೆ ಮಾತಾಡು, ಅಮ್ಮ ಕೇಳಿಸ್ಕೊಂಡಾಳು."

"ಕೇಳಿಸ್ಕೊಂಡೆ ಕಣೋ," ಎಂದರು ಸಿದ್ದಲಕ್ಷ್ಮಮ್ಮ ಅಡುಗೆಮನೆಯಿಂದ. "ಹೋಗಿ ಸ್ನಾನ ಮಾಡು. ಆಫೀಸಿಗೆ ಹೊತ್ತಾಯ್ತು."

ಗುರುವಾರ ರೈಲಿನಲ್ಲಿ ಅತ್ತೆ ಸೊಸೆ ಎದುರುಬದುರು ಕೂತರು. ಕಟ್ಟಿಕೊಂಡು ಬಂದಿದ್ದ ಉಪ್ಪಿಟ್ಟನ್ನು ಇಬ್ಬರೂ ಮುಟ್ಟಲಿಲ್ಲ. ಯಶವಂತಪುರ ಬರುವವರೆಗೂ ಸಿದ್ದಲಕ್ಷ್ಮಮ್ಮನ ತಲೆಯಲ್ಲಿ ಒಂದೇ ಗಿರಣಿ ತಿರುಗುತ್ತಿತ್ತು. ಮೂರು ವರ್ಷ ಯಾವುದನ್ನು ಬೇಡಿದ್ದರೋ ಅದೇ ಬಂದಿದ್ದರೆ? ಬಂದಿದ್ದರೆ ಮಾತ್ರೆ ನಿಲ್ಲುತ್ತದೆ. ಮಾತ್ರೆ ನಿಂತರೆ ಕಣ್ಣು? ಆ ಡಾಕ್ಟರಮ್ಮ ಮಗುವಿಗೇನಾಗುತ್ತದೋ ಗೊತ್ತಿಲ್ಲ ಎಂದಿದ್ದಳಲ್ಲ? 'ಗೊತ್ತಿಲ್ಲ' ಎಂಬ ಮಾತು ಅಂದು ನಂಬಿಕೆ ಕೊಟ್ಟಿತ್ತು. ಇಂದು ಅದೇ ಮಾತು ಹೆದರಿಸಿತು.

ಆಸ್ಪತ್ರೆಯಲ್ಲಿ ಈ ಹೊಸ ಮಾತ್ರೆಯ ಪರೀಕ್ಷೆಯ ಕೆಲಸ ನೋಡಿಕೊಳ್ಳುವ ಮಾನಸಾ ಎಂಬ ಹುಡುಗಿ ಇದ್ದಳು. ಶಾಂತಲಾ ಅವಳಿಗೆ ಎಲ್ಲವನ್ನೂ ಹೇಳಿದಳು. ಮಾನಸಾ ಗಾಬರಿಯಾಗಲಿಲ್ಲ. "ಮೊದಲು ಟೆಸ್ಟ್ ಮಾಡೋಣ ಮೇಡಂ. ರಕ್ತದಲ್ಲೂ ನೋಡೋಣ," ಎಂದು ಒಳಗೆ ಕರೆದುಕೊಂಡು ಹೋದಳು.

ಸಿದ್ದಲಕ್ಷ್ಮಮ್ಮ ಬೆಂಚಿನ ಮೇಲೆ ಕೂತರು. ಪಕ್ಕದಲ್ಲಿ ಸಿರಾ ಕಡೆಯ ಓಬಳಯ್ಯ, ಕುರಿ ಸಾಕುವ ನಡುವಯಸ್ಸಿನ ಮನುಷ್ಯ, ಕಪ್ಪು ಕನ್ನಡಕ ಹಾಕಿ ಕೂತಿದ್ದ. ಅವನೂ ಇದೇ ಪರೀಕ್ಷೆಗೆ ಸೇರಿದವನು.

"ನಂದು ಮತ್ತೆ ಕೆಂಪಾಯ್ತು ಕಣವ್ವ," ಎಂದ. "ಇದನ್ನ ನಿಲ್ಲಿಸಿ ಬ್ಯಾರೆ ಸೂಜಿ ಶುರು ಮಾಡ್ತಾರಂತೆ. ನಂಗೆ ಬಿದ್ದಿದ್ದು ಖಾಲಿ ಮಾತ್ರೆ ಅನ್ನಿಸ್ತದೆ. ನಿಮ್ ಸೊಸೇದು ಹೆಂಗೈತೆ?"

ಸಿದ್ದಲಕ್ಷ್ಮಮ್ಮ ಮುಚ್ಚಿದ ಬಾಗಿಲ ಕಡೆ ನೋಡಿದರು. ಬ್ಯಾಗಿನಿಂದ ಉಪ್ಪಿಟ್ಟಿನ ಡಬ್ಬಿ ತೆಗೆದು ಅವನ ಕೈಗಿಟ್ಟರು. "ತಿನ್ನಪ್ಪ. ಬೆಳಗ್ಗೆ ಹೊರಟಿರ್ತೀಯ."

ಅರ್ಧ ಗಂಟೆ ಕಳೆದು, ರಕ್ತದ ರಿಪೋರ್ಟು ಬರುವುದಕ್ಕೆ ಇನ್ನೊಂದು ಗಂಟೆ ಕಾದ ಮೇಲೆ ಬಾಗಿಲು ತೆರೆಯಿತು. ಮುಂದೆ ಮಾನಸಾ, ಹಿಂದೆ ಶಾಂತಲಾ.

"ಎರಡೂ ನೆಗೆಟಿವ್ ಅಮ್ಮ."

"ಅಂದ್ರೆ?"

"ಅಂದ್ರೆ ಇಲ್ಲ. ಬಸುರಿಲ್ಲ. ಸ್ಟಿರಾಯ್ಡ್ ಕಡಿಮೆ ಮಾಡ್ತಿರೋದಕ್ಕೆ ಏರುಪೇರಾಗಿರಬಹುದು ಅಂದ್ರು ಡಾಕ್ಟ್ರು."

"ಅಬ್ಬ, ಬದುಕಿಸ್ದೆ ತಂದೆ!"

ಮಾತು ಬಾಯಿಂದ ಬಿದ್ದ ಮೇಲೆಯೇ ಸಿದ್ದಲಕ್ಷ್ಮಮ್ಮನಿಗೆ ಅದು ಕೇಳಿಸಿದ್ದು. ಕೈ ತಾನಾಗಿ ಮುಗಿದುಕೊಂಡಿತ್ತು. ಮೂರು ವರ್ಷ 'ಕೊಡು' ಎಂದು ಮುಗಿದ ಕೈ ಈಗ 'ಕೊಡದೆ ಇದ್ದೆಯಲ್ಲ' ಎಂದು ಮುಗಿದಿತ್ತು. ಅವರಿಗೆ ನಾಚಿಕೆಯಾಯಿತು, ಮರುಗಳಿಗೆಗೆ ನಗು ಬಂತು. ಶಾಂತಲಾ ಅತ್ತೆಯ ಮುಖವನ್ನೇ ನೋಡುತ್ತ ನಿಂತಿದ್ದಳು. ಬೈಗುಳಕ್ಕೋ ನಿಟ್ಟುಸಿರಿಗೋ ತಯಾರಾಗಿ ಬಂದಿದ್ದವಳು, ಆ 'ಅಬ್ಬ' ಕೇಳಿ, ಬೆಂಚಿನ ತುದಿಯಲ್ಲಿ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು.

"ಅಳ್ಬ್ಯಾಡ ಕಣೇ, ಕಣ್ಣು ಕೆಂಪಾದ್ರೆ ಆ ಡಾಕ್ಟ್ರಮ್ಮ ಏನಂದ್ಕೊಂತಾಳೆ?" ಎಂದು ಸಿದ್ದಲಕ್ಷ್ಮಮ್ಮ ಸೆರಗಿನಿಂದ ಅವಳ ಮುಖ ಒರೆಸಿದರು. ಓಬಳಯ್ಯ ಡಬ್ಬಿ ಮುಚ್ಚಿ, ವಿಷಯ ಗೊತ್ತಿಲ್ಲದಿದ್ದರೂ, "ಒಳ್ಳೇದಾಯ್ತು ಬುಡಿ," ಎಂದ.

ಡಾಕ್ಟರಮ್ಮ ಯಂತ್ರದ ಮುಂದೆ ಶಾಂತಲಾಳ ಗದ್ದ ಇರಿಸಿ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದಳು. ಆಮೇಲೆ ಗೋಡೆಯ ಅಕ್ಷರ ಓದಿಸಿದಳು. ಬಲಗಣ್ಣಿನಲ್ಲಿ ಕೊನೆಯ ಸಾಲು. ಎಡಗಣ್ಣಿನಲ್ಲಿ ಅದಕ್ಕಿಂತ ಎರಡು ಸಾಲು ಮೇಲೆ. "ಏಪ್ರಿಲಿನಲ್ಲಿ ಈ ಕಣ್ಣಿಗೆ ಮೇಲಿನ ದೊಡ್ಡ ಅಕ್ಷರ ಒಂದೇ ಕಾಣ್ತಿತ್ತು," ಎಂದಳು. "ಯಾವ ಮಾತ್ರೆ ಅಂತ ನನಗೂ ಗೊತ್ತಿಲ್ಲ ಅಮ್ಮ. ಆದ್ರೆ ಒಳಗೆ ಉರಿ ಇಲ್ಲ. ಒಂದು ಕಣವೂ ಇಲ್ಲ."

*

ಮಾತ್ರೆ ಮುಗಿದು, ಮುಂದುವರಿಸಿದ್ದೂ ಮುಗಿದು, ಅದನ್ನೂ ನಿಲ್ಲಿಸಿ ನೋಡುವ ಹೊತ್ತಿಗೆ ಎರಡು ಸಾವಿರದ ಒಂಬತ್ತರ ಬೇಸಿಗೆ ಕಳೆದಿತ್ತು. ನಡುವೆ ಒಂದು ಸಲ ಬಿ.ಪಿ. ಏರಿ ಗಾಬರಿಯಾಗಿತ್ತು. ಡೋಸು ಇಳಿಸಿದ ಮೇಲೆ ಸರಿಹೋಯಿತು. ಎಡಗಣ್ಣಿನಲ್ಲಿ ಒಂದು ಮಸುಕು ಹಾಗೇ ಉಳಿಯಿತು. ಅದು ಹೋಗುವುದಿಲ್ಲ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದಳು. ಯಾರಿಗೆ ಯಾವ ಮಾತ್ರೆ ಎಂದು ಬರೆದು ಆಸ್ಪತ್ರೆಯವರು ಬೀಗ ಹಾಕಿಟ್ಟಿದ್ದ ಪಟ್ಟಿ ತೆರೆದಾಗ ಶಾಂತಲಾಳಿಗೆ ಸಿಕ್ಕಿದ್ದು ನಿಜವಾದ ಮಾತ್ರೆಯೇ ಎಂದು ಗೊತ್ತಾಯಿತು. ಓಬಳಯ್ಯ ಒಂದು ದಿನ ಬೆಂಚಿನ ಮೇಲೆ ಸಿಕ್ಕಿ, ತನ್ನದೂ ನಿಜವಾದ ಮಾತ್ರೆಯೇ ಆಗಿತ್ತಂತೆ ಎಂದ. ತನಗೆ ಅದು ಹಿಡಿಯಲಿಲ್ಲ, ಸೂಜಿ ಹಿಡಿದಿದೆ, ಕುರಿಗಳ ಗುರುತು ಸಿಗುತ್ತಿದೆ ಎಂದು ನಕ್ಕ.

"ಎಲ್ರಿಗೂ ಒಂದೇ ಹಿಡಿಯಲ್ಲ," ಎಂದು ಸಿದ್ದಲಕ್ಷ್ಮಮ್ಮ ಅಂದು ಮನೆಗೆ ಬಂದು ಗಂಡನಿಗೆ ವಿವರಿಸಿದರು, ತಾವೇ ಡಾಕ್ಟರಾದ ಹಾಗೆ.

ಅಕ್ಟೋಬರಿನ ಒಂದು ಬೆಳಗ್ಗೆ, ಹುರುಳಿಕಾಯಿ ಬಿಡಿಸುತ್ತ ಕೂತಿದ್ದಾಗ ಶಾಂತಲಾ ಮೆಲ್ಲಗೆ ಹೇಳಿದಳು. "ಅತ್ತೆ, ಡಾಕ್ಟ್ರು ಇನ್ನು ಆಗಬಹುದು ಅಂದ್ರು."

"ಯಾವುದು?"

"ಅದೇ."

ಸಿದ್ದಲಕ್ಷ್ಮಮ್ಮನ ಕೈ ನಿಲ್ಲಲಿಲ್ಲ. ನಾರು ತೆಗೆದು ಪಕ್ಕಕ್ಕೆ ಹಾಕಿ, "ಆಗ್ಲಿ. ನಿಧಾನಕ್ಕೆ ಆಗ್ಲಿ," ಎಂದರು. ಇನ್ನೊಂದು ಕಾಯಿ ಕೈಗೆತ್ತಿಕೊಂಡು, "ಆಗದೆ ಇದ್ರೂ ಯಾರೂ ಮನೆ ಬಿಟ್ಟು ಓಡೋಗಲ್ಲ," ಎಂದು ಸೇರಿಸಿದರು.

ಅದೇ ವಾರದ ಭಾನುವಾರ ಇಬ್ಬರೂ ಪುಟ್ಟತಾಯಮ್ಮನನ್ನು ನೋಡಲು ಹೊರಟರು. ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಮದುವೆ ಸೀಸನ್ನಿನ ಜನ ತುಂಬಿ ತುಳುಕುತ್ತಿದ್ದರು. ಅರವತ್ತು ದಾಟಿದ ಸಿದ್ದಲಕ್ಷ್ಮಮ್ಮನಿಗೆ ದೂರದ ಬೋರ್ಡುಗಳೆಲ್ಲ ಒಂದೇ ಹಳದಿ ಪಟ್ಟಿ. ಯಾರನ್ನಾದರೂ ಕೇಳೋಣವೆಂದು ಅತ್ತಿತ್ತ ನೋಡುವಷ್ಟರಲ್ಲಿ ಶಾಂತಲಾ ಕೂಗಿದಳು.

"ಅತ್ತೆ, ಹುಲಿಯೂರುದುರ್ಗ! ಅಗೋ ಆ ಮೂಲೇಲಿ ತಿರುಗ್ತಿದೆ. ನೀವು ಬ್ಯಾಗ್ ಹಿಡ್ಕೊಂಡು ನಿಧಾನಕ್ಕೆ ಬನ್ನಿ!"

ಬಸ್ಸು ಇನ್ನೂ ನಿಂತಿರಲಿಲ್ಲ. ಅವಳು ಸೀರೆಯ ನೆರಿಗೆ ಎತ್ತಿ ಹಿಡಿದು, ಬುಟ್ಟಿಗಳನ್ನೂ ಜನರನ್ನೂ ದಾಟಿ ಓಡಿದಳು. ಕಿಟಕಿಯೊಳಕ್ಕೆ ಕರ್ಚೀಫು ಎಸೆದು, ಬಾಗಿಲಿಗೆ ನುಗ್ಗಿ ಹತ್ತಿದಳು. ಸಿದ್ದಲಕ್ಷ್ಮಮ್ಮ ಏದುಸಿರು ಬಿಡುತ್ತ ಮೇಲೆ ಬಂದಾಗ ಒಳಗೆ ಜಗಳ ಶುರುವಾಗಿತ್ತು.

"ಮೊದಲು ನೋಡಿದ್ದು ನಾನು ಕಣಮ್ಮ!" ಎನ್ನುತ್ತಿದ್ದ ಒಬ್ಬ ಗಂಡಸು.

"ನೀವೆಲ್ಲಿ ನೋಡಿದ್ರಿ? ಬಸ್ಸು ತಿರುಗುವಾಗ ನೀವು ಬೋಂಡಾ ಅಂಗಡಿ ಮುಂದೆ ಬೆನ್ನು ಹಾಕ್ಕೊಂಡು ನಿಂತಿದ್ರಿ. ಕೈಲಿ ಪೇಪರ್ ತಟ್ಟೆ ಇತ್ತು. ನಾನು ಅಲ್ಲಿಂದಲೇ ನೋಡಿದೀನಿ. ಕರ್ಚೀಫ್ ನಂದು, ಸೀಟ್ ನಂದು. ಅತ್ತೆ, ಬನ್ನಿ ಕೂತ್ಕೊಳ್ಳಿ."

ಆ ಗಂಡಸು ಗೊಣಗುತ್ತ ಹಿಂದಕ್ಕೆ ಸರಿದ. ಸಿದ್ದಲಕ್ಷ್ಮಮ್ಮ ಕಿಟಕಿಯ ಪಕ್ಕ ಕೂತು ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡರು. ಮುಂದಿನ ಸೀಟಿನ ಹೆಂಗಸು ಹಿಂದಕ್ಕೆ ತಿರುಗಿ, ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು.

"ಸೊ‍ಸೇನಾ ಅಕ್ಕ? ಬಲು ಜೋರವ್ಳೆ."

"ಹೂಂ ಕಣಮ್ಮ," ಎಂದರು ಸಿದ್ದಲಕ್ಷ್ಮಮ್ಮ, ಶಾಂತಲಾಳಿಗೆ ಜಾಗ ಬಿಟ್ಟು ಸರಿಯುತ್ತ. "ಕಣ್ಣು ಬಾಳ ಚುರುಕು."